ಕಬ್ಬಿಣ ಎಲ್ಲಿ ಹೋತು?

ಅವರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ನನಗೆ ಸುದ್ದಿ ಮುಟ್ಟಿತು. ಹಾವೇರಿಯ ನನ್ನ ದವಾಖಾನೆಗೆ ಬಂದಿದ್ದ ರಾಣೇಬೆನ್ನೂರಿನ ಔಷಧ ಅಂಗಡಿಯವರೊಬ್ಬರು ಬೇರೇನೋ ಮಾತಿನ ನಡುವೆ, ‘ನಿಮ್ಮ ಲ್ಯಾಬಿನ ಅಕ್ಕಾರು ಹೋದ್ರಲ್ರಿ, ಗೊತ್ತಿಲ್ಲೇನು?’ ಎಂದರು. ಗೊತ್ತಿರಲಿಲ್ಲ. ಅವತ್ತು ಉಳಿದ ರೋಗಿಗಳನ್ನು ನೋಡಿದೆ, ಮನೆಗೆ ಹೋದೆ, ಉಂಡೆ. ಆದರೆ ಒಂದು ಕಡೆ ಕೂರಲು ಆಗಲಿಲ್ಲ. ಪೇಪರ್ ಹಿಡಿದರೆ ಪೇಪರ್ ಬೇಡ, ಟಿ.ವಿ. ಹಚ್ಚಿದರೆ ಟಿ.ವಿ. ಬೇಡ. ವಾರ ಕಳೆದರೂ ಅದೇ ಕತೆ. ಬರೆದರಾದರೂ ಈ ಚಡಪಡಿಕೆ ಒಂದಿಷ್ಟು ಇಳಿದೀತೆಂದು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ರಿಪೋರ್ಟಿನ ಕೆಳಗೆ ತಮ್ಮ ಹೆಸರಿನ ಠಸ್ಸೆ ಒತ್ತುವುದಕ್ಕೂ ಅವರು ಒಪ್ಪುತ್ತಿರಲಿಲ್ಲ. ‘ರೋಗ ಯಾರದು? ಅವರ ಹೆಸರು ಬರದರ ಸಾಕು. ನಂದು ಯಾಕ?’ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅಕ್ಕಾರು ಎಂದೇ. ನಾನೂ ಹಾಗೇ ಕರೆದೆ.

ನಾನು ಎಂ.ಬಿ.ಬಿ.ಎಸ್. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ರಾಣೇಬೆನ್ನೂರಿನ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಗೆ. ಹತ್ತು ಹಾಸಿಗೆ, ಅರ್ಧ ದಿನ ಮಾತ್ರ ಬರುವ ಒಬ್ಬ ಹಿರಿಯ ಡಾಕ್ಟರು, ಇಬ್ಬರು ನರ್ಸಮ್ಮಗಳು, ಹಿತ್ತಲಲ್ಲಿ ತಗಡಿನ ಮಾಡಿನ ಒಂದು ಕೋಣೆಯಲ್ಲಿ ಅಕ್ಕಾರ ಲ್ಯಾಬು. ಆ ಆಸ್ಪತ್ರೆ ಈಗ ಇಲ್ಲ. ಹಾವೇರಿ ಬೇರೆ ಜಿಲ್ಲೆಯಾಗಿ ಏಳೆಂಟು ವರ್ಷವಾಗಿದ್ದ ಕಾಲ ಅದು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ಊರ ಮೇಲೆಲ್ಲ ಧೂಳು. ಮೊಬೈಲು ಇದ್ದವರು ಅದನ್ನು ಅಂಗಿಯ ಜೇಬಿನಲ್ಲಿ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು.

ಅಕ್ಕಾರಿಗೆ ಆಗ ಐವತ್ತರ ಹತ್ತಿರ. ಎತ್ತರ, ತೆಳ್ಳನೆ ಮೈ, ನೂಲಿನ ಸೀರೆ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಅದರ ಸೆರಗು ಬಿಚ್ಚಿದ್ದನ್ನು ನಾನು ಎಂದೂ ನೋಡಲಿಲ್ಲ. ಹಸಿರು ಬಣ್ಣದ ಹಳೆಯ ಟಿ.ವಿ.ಎಸ್. ಗಾಡಿಯ ಮೇಲೆ ಬರುತ್ತಿದ್ದರು. ರೊಟ್ಟಿಯನ್ನು ಚಟ್ನಿಪುಡಿ ಹಾಕಿ ಸುತ್ತಿ, ಹಿತ್ತಲಲ್ಲಿ ಅಡ್ಡಾಡುತ್ತಲೇ ತಿನ್ನುತ್ತಿದ್ದರು. ಕುರ್ಚಿಯ ಮೇಲೆ ಕುಳಿತರೆ ಎಡಗಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಮೇಜಿನ ಮೇಲಿನ, ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳು ಕಿಣಿಕಿಣಿ ಎನ್ನುತ್ತಿದ್ದವು. ಸಂಜೆಯಾದರಂತೂ ಎದ್ದು ನಾಲ್ಕು ಹೆಜ್ಜೆ ಹಾಕದೆ ಅವರಿಗೆ ಸಮಾಧಾನವಿಲ್ಲ. ‘ಕಾಲಾಗ ಇರಿವಿ ಹರದಂಗ ಆಕ್ಕೇತ್ರಿ’ ಎನ್ನುವರು. ನಾವು ನಗುತ್ತಿದ್ದೆವು. ಅವರ ಸ್ವಭಾವವೇ ಹಾಗೆ ಎಂದುಕೊಂಡಿದ್ದೆವು.

ಒಳ್ಳೆಯವರು ಎಂದು ಬರೆದು ಮುಗಿಸುವಂಥ ಮನುಷ್ಯರಲ್ಲ ಅವರು. ಬಾಯಿ ಖಾರ. ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಸೀಸೆಯ ಮೇಲೆ ಹೆಸರು ತಪ್ಪಾಗಿ ಅಂಟಿಸಿದಳೆಂದು ಒಮ್ಮೆ ಒಬ್ಬ ನರ್ಸಮ್ಮನಿಗೆ ಹೇಗೆ ಬೈದರೆಂದರೆ ಆಕೆ ಎರಡು ದಿನ ಕೆಲಸಕ್ಕೆ ಬರಲಿಲ್ಲ. ತಪ್ಪು ಆಕೆಯದಾಗಿರಲಿಲ್ಲ. ಅದು ತಿಳಿದ ದಿನ ಅಕ್ಕಾರು ಗಾಡಿ ತಗೊಂಡು ಆಕೆಯ ಮನೆಗೆ ಹೋಗಿ, ಆಕೆಯ ಗಂಡ, ನಾದಿನಿ ಎಲ್ಲರ ಎದುರು, ‘ತಪ್ಪು ನಂದು’ ಎಂದು ಹೇಳಿ, ಕೊಟ್ಟ ಚಹಾವನ್ನೂ ಕುಡಿಯದೆ ಬಂದರಂತೆ.

ಅವರ ರಿಪೋರ್ಟಿನಲ್ಲಿ ‘ಇಲ್ಲ’ ಎಂಬ ಮಾತು ಇರುತ್ತಿರಲಿಲ್ಲ. ಮಲ ಪರೀಕ್ಷೆಯಲ್ಲಿ ಹುಳದ ತತ್ತಿ ಸಿಗದಿದ್ದರೆ ಬೇರೆ ಲ್ಯಾಬಿನವರು ಇಲ್ಲ ಎಂದು ಬರೆಯುತ್ತಾರೆ. ಇವರು ‘ಕಾಣಲಿಲ್ಲ’ ಎಂದು ಬರೆಯುತ್ತಿದ್ದರು. ಸೇರಿದ ಹೊಸದರಲ್ಲಿ ನಾನು ಕೇಳಿದೆ. ‘ಇಲ್ಲ ಅನ್ನಾಕ ನಾ ಯಾರ್ರಿ? ಡಬ್ಬಿಯಾಗಿಂದ ಒಂದು ಕಡ್ಡಿ ತುದಿಯಷ್ಟು ನೋಡೇನಿ. ಅದರಾಗ ನನಗ ಕಾಣಲಿಲ್ಲ, ಅಷ್ಟ’ ಎಂದರು.

ಪ್ರತಿ ಗುರುವಾರ ನಾವಿಬ್ಬರೂ ಬ್ಯಾಡಗಿಗೆ ಹೋಗುತ್ತಿದ್ದೆವು. ಮೆಣಸಿನಕಾಯಿ ಪೇಟೆಯ ಪಕ್ಕದ ಒಂದು ಮಳಿಗೆಯಲ್ಲಿ ಅರ್ಧ ದಿನ ರೋಗಿಗಳನ್ನು ನೋಡುವುದು. ಬರುವವರಲ್ಲಿ ಹೆಚ್ಚಿನವರು ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳು. ಅವರ ಬೆರಳು ಚುಚ್ಚುವ ಮೊದಲು ಸಬಕಾರ ಹಚ್ಚಿ ತೊಳೆಸಬೇಕು, ಇಲ್ಲದಿದ್ದರೆ ಚುಚ್ಚಿಸಿಕೊಂಡವರಿಗೂ ಉರಿ, ಚುಚ್ಚಿದವರಿಗೂ ಉರಿ. ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿಯುತ್ತಿತ್ತು. ಒಂದು ಸಲ ಅಂಥ ಒಂದು ಕೈಯನ್ನು ಬೆಳಕಿಗೆ ಹಿಡಿದು ಅಕ್ಕಾರು ನನಗೆ ತೋರಿಸಿದರು. ಉಗುರಿನ ಸುತ್ತ ಕೆಂಪು, ಉಗುರು ಮಾತ್ರ ಸುಣ್ಣ ಬಳಿದಂತೆ. ‘ಈ ಕೆಂಪು ಕಾಯಿದು, ಡಾಕ್ಟರ. ಕೈದಲ್ಲ’ ಎಂದರು.

ಆಗ ಆ ಭಾಗದಲ್ಲಿ ರಕ್ತಹೀನತೆ ಎಂದರೆ ನೆಗಡಿಯಷ್ಟೇ ಮಾಮೂಲು. ಕಬ್ಬಿಣದ ಗುಳಿಗೆ ಬರೆಯುವುದು, ಸೊಪ್ಪು ತಿನ್ನು ಎನ್ನುವುದು, ಮುಂದಿನವರನ್ನು ಕರೆಯುವುದು, ಇಷ್ಟೇ ನನ್ನ ವೈದ್ಯಕೀಯ. ಗಂಗವ್ವ ಬರುವ ತನಕ.

ಗಂಗವ್ವ ಐರಣಿಗೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿಯ ಸೊಸೆ. ಇಪ್ಪತ್ತೈದರೊಳಗಿನ ಹೆಣ್ಣುಮಗಳು, ಎರಡು ಮಕ್ಕಳು. ಕೆಲಸ ಬೀಜದ ಪ್ಲಾಟಿನಲ್ಲಿ. ರಾಣೇಬೆನ್ನೂರಿನ ಸುತ್ತ ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುವ ಹೊಲಗಳಿದ್ದವು. ಹೂವಿನೊಳಗಿನ ಕೇಸರವನ್ನು ಚಿಮಟಿಗೆಯಿಂದ ಕಿತ್ತು, ಬೇರೆ ಹೂವಿನ ಪರಾಗವನ್ನು ಬೆರಳಿನಿಂದ ಮುಟ್ಟಿಸುವ ಕೆಲಸ. ಇಡೀ ದಿನ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತಿರಬೇಕು. ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಆಕೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಮೇಲಾಗಿ, ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಕಬ್ಬಿಣ ಕಡಿಮೆಯಾದವರಿಗೆ ಹಾಗೆ ಮಣ್ಣಿನ ಮೇಲೆ ಆಸೆ ಹುಟ್ಟುವುದುಂಟು. ಮನೆಯವರು ಅದನ್ನು ಕೆಟ್ಟ ಚಟ ಎಂದು ಬೈಯುತ್ತಿದ್ದರು.

ಮೊದಲ ಸಲ ಬಂದಾಗ ಹಿಮೋಗ್ಲೋಬಿನ್ ಐದು. ಹನ್ನೆರಡರ ಹತ್ತಿರ ಇರಬೇಕಾದದ್ದು. ಗುಳಿಗೆ ಕೊಟ್ಟೆ. ತಿಂಗಳ ಮೇಲೆ ಬಂದಳು, ಐದು. ಮತ್ತೆ ಕೊಟ್ಟೆ. ಮತ್ತೆ ಐದು. ಆ ಸಲ ಅಕ್ಕಾರು, ‘ಇಷ್ಟು ಕಬ್ಬಿಣ ಕೊಟ್ರ ಎಲ್ಲಿ ಹೋತ್ರಿ ಅದು? ಮಲ ತರಿಸ್ರಿ’ ಎಂದರು. ಒಂದು ಡಬ್ಬಿ ಕೊಟ್ಟು ಕಳಿಸಿದೆವು. ಮುಂದಿನ ಸೋಮವಾರ ಗಂಡ ಹೆಂಡತಿ ಇಬ್ಬರೂ ಡಬ್ಬಿ ತಂದರು. ಅಕ್ಕಾರು ನೋಡಿ, ಹುಳದ ತತ್ತಿ ಕಾಣಲಿಲ್ಲ ಎಂದು ಬರೆದರು. ನಾನು ಆ ಡಬ್ಬಿಯನ್ನು ನೋಡಿದೆ. ಒಳಗಿದ್ದದ್ದು ಕಂದು ಬಣ್ಣದ್ದು.

ಕಬ್ಬಿಣದ ಗುಳಿಗೆ ನುಂಗುವವರ ಮಲ ಕಪ್ಪಗಾಗುತ್ತದೆ. ಇದು ಪುಸ್ತಕದಲ್ಲಿದೆ, ನನಗೆ ಗೊತ್ತಿತ್ತು, ಗೊತ್ತಿದೆ ಎಂಬ ಖುಷಿಯೂ ಇತ್ತು. ಹೊರಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕುಳಿತಿದ್ದರು. ಬಾಗಿಲು ತೆರೆದೇ ಇತ್ತು.

‘ಗುಳಿಗೆ ನುಂಗಿದ್ದೀಯೇನು?’ ಎಂದು ಕೇಳಿದೆ.

‘ನುಂಗೇನ್ರಿ.’

‘ಸುಳ್ಳು ಹೇಳಬೇಡ. ನುಂಗಿದ್ದರೆ ಇದು ಕರ್ರಗೆ ಇರಬೇಕಿತ್ತು.’ ಗಂಡನ ಕಡೆ ತಿರುಗಿ, ‘ನಿನ್ನ ಹೆಂಡತಿ ಗುಳಿಗೆ ಚೆಲ್ಲುತ್ತಿದ್ದಾಳೆ. ನಮ್ಮ ವೇಳೆಯನ್ನೂ ಹಾಳು ಮಾಡುತ್ತಿದ್ದಾಳೆ’ ಎಂದೆ.

ಆಕೆ ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು, ನೆಲ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಬೆಂಚಿನ ಮೇಲಿದ್ದ ಯಾರೋ ನಕ್ಕರು.

ಈಗಿನ ವೈದ್ಯರು ಇದನ್ನು ಓದಿದರೆ, ಅಷ್ಟು ರಕ್ತ ಕಡಿಮೆ ಇದ್ದವಳಿಗೆ ಸುಮ್ಮನೆ ಒಂದು ಹುಳದ ಗುಳಿಗೆ ಕೊಡಬಾರದಿತ್ತೇ ಎಂದು ಕೇಳುತ್ತಾರೆ. ಕೊಡಬಹುದಿತ್ತು. ಆದರೆ ನಾನು ಸರಿ ಎಂದು ತೋರಿಸುವ ಅವಸರ ನನಗೆ ಆಕೆ ಗುಣವಾಗುವುದಕ್ಕಿಂತ ದೊಡ್ಡದಾಗಿತ್ತು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮಧ್ಯಾಹ್ನ ಅಕ್ಕಾರು ನನ್ನ ಕೋಣೆಗೆ ಬಂದರು. ಕುಂದ್ರಿ ಎಂದರೂ ಕೂರಲಿಲ್ಲ.

‘ಡಾಕ್ಟರ, ಆ ಡಬ್ಬಿಗೆ ಎರಡು ದಾರಿ ಅದಾವು. ನೀವು ಒಂದ ಹಿಡದೀರಿ.’

‘ಯಾವ ಎರಡು?’

‘ಒಂದು, ಅಕಿ ಗುಳಿಗಿ ನುಂಗಿಲ್ಲ. ಇನ್ನೊಂದು, ಡಬ್ಬಿಯಾಗಿಂದು ಅಕಿದಲ್ಲ.’

‘ತನ್ನದಲ್ಲದ್ದನ್ನು ಯಾರಾದರೂ ಯಾಕೆ ತರುತ್ತಾರೆ, ಅಕ್ಕಾರ?’

‘ಅದ ನನಗೂ ಗೊತ್ತಿಲ್ಲ. ಅದಕ್ಕ ಕೇಳಾಕ ಬಂದೇನಿ. ನೀವು ಅಕಿನ್ನ ಕೇಳಿದ್ರೇನು?’

ನಾನು ಕೇಳಿರಲಿಲ್ಲ. ಆ ವಾರವೆಲ್ಲ ಅವರು ನನ್ನನ್ನು ಬಿಡಲಿಲ್ಲ. ಸಕ್ಕರೆಯ ರಿಪೋರ್ಟು ತಂದು ಕೊಡುವಾಗ, ‘ಆ ಗಂಗವ್ವ ಬಂದಿದ್ಲೇನು?’ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ, ‘ಅಕಿ ಬಾಯಿ ತೆರದಿದ್ಲು, ನೋಡಿದ್ರೇನು? ಏನೋ ಹೇಳಾಕ ಬಂದಿದ್ಲು.’ ಬಸ್ಸಿನ ಸೀಟಿನ ಕೆಳಗೆ ಎಡಗಾಲು ಕುಣಿಯುತ್ತಲೇ ಇತ್ತು. ನನಗೂ ಒಳಗೊಳಗೇ ಕಿರಿಕಿರಿ ಶುರುವಾಗಿತ್ತು, ತೋರಿಸಿಕೊಳ್ಳಲಿಲ್ಲ.

ರವಿವಾರ ಅವರು ಒಬ್ಬರೇ ಗಾಡಿ ಹತ್ತಿ ಆ ಹಳ್ಳಿಗೆ ಹೋದರು. ಸಂಜೆ ನಾಲ್ಕಕ್ಕೆ ನನ್ನ ಬಾಡಿಗೆ ಕೋಣೆಯ ಮುಂದೆ ಗಾಡಿ ನಿಲ್ಲಿಸಿದರು. ಮುಖವೆಲ್ಲ ಧೂಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು.

‘ಅಕಿನ್ನ ತವರಿಗೆ ಕಳಿಸ್ಯಾರ. ಕರ್ಜಗಿಗೆ. ಸಣ್ಣದೊಂದನ್ನ ಬಗಲಾಗ ಕೊಟ್ಟು, ದೊಡ್ಡದನ್ನ ಇಟಗೊಂಡಾರ. ದವಾಖಾನ್ಯಾಗ ಡಾಕ್ಟರ ಹೇಳ್ಯಾರ, ಇಕಿ ಬೇಕಂತ ಗುಳಿಗಿ ಚೆಲ್ಲತಾಳ, ದುಡಿಯಾಕ ಆಗಲಾರದ್ದಕ್ಕ ಸೋಗು ಹಾಕ್ಯಾಳ ಅಂತ ಅವರತ್ತಿ ಇಡೀ ಓಣಿಗೆ ಹೇಳ್ಯಾಳ.’

‘ಸೋಗು ಎಂದು ನಾನು ಹೇಳಲಿಲ್ಲ, ಅಕ್ಕಾರ.’

‘ಇಲ್ಲ. ಉಳದದ್ದು ನೀವ ಹೇಳಿದ್ದು.’

ಅವರು ಗಾಡಿಯ ಹ್ಯಾಂಡಲ್ ಬಿಡಲಿಲ್ಲ. ‘ನಾಳೆ ಮುಂಜಾನೆ ಆರಕ್ಕ ಕರ್ಜಗಿಗೆ ಹೋಗೂದು. ನೀವೂ ಬರ್ರಿ’ ಎಂದರು.

ಮರುದಿನ ನಾನು ಅವರ ಗಾಡಿಯ ಹಿಂದಿನ ಸೀಟಿನ ಮೇಲೆ, ಮಡಿಲಲ್ಲಿ ಹಿಟ್ಟಿನ ಚೀಲದಲ್ಲಿ ಸುತ್ತಿದ ಸೂಕ್ಷ್ಮದರ್ಶಕವನ್ನು ಹಿಡಿದು ಕುಳಿತಿದ್ದೆ. ಕನ್ನಡಿಯಿಂದ ಬಿಸಿಲು ಹಿಡಿದು ನೋಡುವಂಥ ಒಂಟಿ ಕಣ್ಣಿನ ಹಳೆಯ ಯಂತ್ರ ಅದು, ಕರೆಂಟು ಬೇಡ. ಮೋಟೆಬೆನ್ನೂರು ದಾಟುವಾಗ ಹೆದ್ದಾರಿಯ ಟಿಪ್ಪರುಗಳು ನಮ್ಮ ಮೇಲೆ ಮಣ್ಣು ತೂರುತ್ತ ಹೋದವು. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಹಾವೇರಿ ದಾಟಿ ಕರ್ಜಗಿ ಮುಟ್ಟುವಷ್ಟರಲ್ಲಿ ಎಂಟೂವರೆ.

ಗಂಗವ್ವ ತಾಯಿಯ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡವಳೇ ಎದ್ದು ಒಳಗೆ ಹೋಗಲು ನೋಡಿದಳು. ಎದ್ದ ರಭಸಕ್ಕೆ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಕ್ಕಾರು ಹೋಗಿ ತೋಳು ಹಿಡಿದು ಕೂರಿಸಿದರು.

‘ಬೈಯಾಕ ಬಂದಿಲ್ಲವಾ. ಕೇಳಾಕ ಬಂದೇವಿ. ಆ ಡಬ್ಬಿಯಾಗ ಇದ್ದದ್ದು ಯಾರದು?’

ಗಂಗವ್ವ ತನ್ನ ತೊಡೆಯ ಮೇಲಿದ್ದ ಕೂಸಿನ ತಲೆ ಸವರಿದಳು.

‘ಇದರದ್ದರಿ.’

‘ಯಾಕ?’

‘ನಮ್ಮದು ಬಯಲಾಗರಿ. ನಸುಕಿನಾಗ ಅತ್ತಿ ಜೋಡಿ, ಓಣಿ ಹೆಣ್ಣಮಕ್ಕಳ ಜೋಡಿ ಹೋಗಬೇಕು. ಅಲ್ಲಿ ಡಬ್ಬಿ ಹೆಂಗ ತಗೀಲಿ? ಮ್ಯಾಲೆ ನಮ್ಮ ಮನಿಯವರು ಅದನ್ನ ಬಸ್ಸಿನಾಗ ಕಿಸೇದಾಗ ಇಟಗೊಂಡು ಬರ್ತಾರ. ಅವರ ಕೈಯಾಗ ನಂದು ಹೆಂಗರಿ ಕೊಡ್ಲಿ? ನಾಚಿಕಿ ಆತು. ಕೂಸಿಂದಾದ್ರ ಯಾರೂ ಏನೂ ಅನ್ನಂಗಿಲ್ಲ.’ ಮೊದಲ ಸಲ ನನ್ನ ಕಡೆ ನೋಡಿದಳು. ‘ಗುಳಿಗಿ ಖರೇನ ನುಂಗೇನ್ರಿ, ಸಾಹೇಬ್ರ. ಒಂದೂ ಚೆಲ್ಲಿಲ್ಲ.’

ಅಕ್ಕಾರು ನನ್ನ ಕಡೆ ನೋಡಲಿಲ್ಲ. ಚೀಲ ಬಿಚ್ಚಿ, ಹೊಸ ಡಬ್ಬಿ ತೆಗೆದು, ‘ಈಗ ನಿಂದು ಕೊಡು. ಅವಸರ ಇಲ್ಲ’ ಎಂದರು.

ಅವಸರ ಇಲ್ಲ ಎಂದವರು ಮುಂದಿನ ಎರಡು ತಾಸು ಆ ಓಣಿಯನ್ನು ಎಷ್ಟು ಸಲ ಅಳೆದರೋ ಲೆಕ್ಕವಿಲ್ಲ. ಗಂಗವ್ವನ ತಾಯಿ ಅವಲಕ್ಕಿ ಕೊಟ್ಟಳು. ಅಕ್ಕಾರು ಬಟ್ಟಲು ಹಿಡಿದು ಅಡ್ಡಾಡುತ್ತಲೇ ತಿಂದರು. ಹತ್ತೂವರೆಗೆ ಡಬ್ಬಿ ಬಂತು, ತಾಯಿಯ ಸೆರಗಿನ ಮರೆಯಲ್ಲಿ. ಮುಚ್ಚಳ ತೆಗೆದರೆ ಒಳಗಿದ್ದದ್ದು ಕಾಡಿಗೆಯ ಹಾಗೆ ಕಪ್ಪು.

ಅಂಗಳದಲ್ಲಿ ಒಂದು ಡಬ್ಬ ಬೋರಲು ಹಾಕಿ, ಅದರ ಮೇಲೆ ಯಂತ್ರವಿಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಅಕ್ಕಾರು ನೆಲದ ಮೇಲೆ ಕುಳಿತರು. ನೋಡಿದರು. ಮೇಲೇಳದೆ, ‘ಬರ್ರಿ ಡಾಕ್ಟರ’ ಎಂದರು. ನಾನು ಮೊಣಕಾಲೂರಿ ಕಣ್ಣಿಟ್ಟೆ. ಒಂದಲ್ಲ, ಎರಡಲ್ಲ. ಗಾಜಿನ ತೆಳು ಚಿಪ್ಪಿನಂಥ ಉದ್ದುರುಟು ತತ್ತಿಗಳು, ಪ್ರತಿಯೊಂದರ ಒಳಗೂ ನಾಲ್ಕು ಭಾಗವಾಗಿ ಒಡೆದ ಜೀವ. ಪಟ್ಟಿ ಎಲ್ಲಿ ಸರಿಸಿದರೂ ಅವೇ. ಕೊಕ್ಕೆಹುಳ.

ಗಂಗವ್ವನ ತಾಯಿಯೂ ನೋಡಿದಳು. ‘ಇಷ್ಟು ಸಣ್ಣವು ಏನ ಮಾಡ್ತಾವರಿ, ಅಕ್ಕಾರ?’

‘ಇವು ತತ್ತಿ. ಇಟ್ಟ ಹುಳ ಕರಳಿನಾಗ ಅದಾವು. ಹಸಿ ಮಣ್ಣಿನಾಗ ಹುಟ್ಟಿ, ಕಾಲಿನ ತೊಗಲು ಕೊರದು ಒಳಗ ಹೋಗ್ತಾವು. ಕರಳಿಗೆ ಹಲ್ಲು ಹಚ್ಚಿ ರಕ್ತ ಕುಡೀತಾವು. ಅಲ್ಲಿಂದ ಎದ್ದು ಇನ್ನೊಂದು ಕಡೆ ಹಚ್ಚತಾವು, ಹಳೇ ಗಾಯ ಸೋರ್ತಾನ ಇರತೇತಿ.’

‘ಮತ್ತ ಗುಳಿಗಿ ನುಂಗಿದ್ಲಲ್ರಿ?’

ಅಕ್ಕಾರು ಸ್ವಲ್ಪ ಯೋಚಿಸಿದರು. ‘ನಿಮ್ಮೂರಾಗ ಕಮ್ಮಾರ ಅದಾನಲ್ಲ? ಸವದ ಕುಡಗೋಲು ಒಗೀತಾನೇನು? ಕಾಸಿ, ಬಡದು ಹೊಸಾದು ಮಾಡ್ತಾನ. ಮೈನೂ ಹಂಗವಾ. ಹಳೇ ರಕ್ತದಾಗಿನ ಕಬ್ಬಿಣ ತಗದು ಹೊಸಾ ರಕ್ತಕ್ಕ ಹಾಕತೇತಿ. ಸುಮ್ಮಸುಮ್ಮನ ಹೊರಗ ಒಗಿಯಂಗಿಲ್ಲ. ಅದಕ್ಕ ದಿನಾ ಒಂದೀಟ ಹೊಸಾ ಕಬ್ಬಿಣ ಸಿಕ್ರ ಸಾಕು. ಆದ್ರ ಈ ಹುಳ ಕುಲುಮಿಗೆ ಬರೂ ಕುಡಗೋಲನ್ನ ಹಾದ್ಯಾಗ ಕದ್ದರ, ಕಮ್ಮಾರ ಏನು ಬಡೀಬೇಕು? ನಾವು ಗುಳಿಗಿ ಕೊಡ್ತೇವಿ, ಅವು ಹೊರಗ ಹಾಕ್ತಾವು.’

ಆರು ವರ್ಷ ಓದಿದ ನನಗೆ ಕಬ್ಬಿಣದ ಕತೆಯನ್ನು ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಆಕೆ ಬಸುರಿಯಲ್ಲ ಎಂದು ಕೇಳಿ ತಿಳಿದುಕೊಂಡು, ಹುಳದ ಗುಳಿಗೆಯನ್ನು ಅಲ್ಲೇ ನುಂಗಿಸಿದೆವು. ಕಬ್ಬಿಣದ ಗುಳಿಗೆ ಮುಂದುವರಿಸಲು ಹೇಳಿ, ಅದನ್ನು ಚಹಾದ ಜೊತೆ ನುಂಗಬೇಡ, ನುಂಗಿದರೆ ಮೈಗೆ ಹತ್ತುವುದಿಲ್ಲ ಎಂದೆವು. ಹೊರಡುವ ಮೊದಲು ನಾನು ಗಂಗವ್ವನಿಗೆ, ‘ತಪ್ಪಾಯಿತು’ ಎಂದೆ, ಮೆಲ್ಲಗೆ. ಆಕೆ ತಲೆ ಅಲ್ಲಾಡಿಸಿದಳು.

ಹಾವೇರಿಯಲ್ಲಿ ಗಾಡಿಗೆ ಎಣ್ಣೆ ಹಾಕಿಸುವಾಗ ಅಕ್ಕಾರು, ‘ನಾಡದು ಅಕಿ ಗಂಡನ ಊರಿಗೆ ಹೋಗೂಣು’ ಎಂದರು.

‘ಆಕೆಗೆ ಹೇಳಿದೆನಲ್ಲ, ಅಕ್ಕಾರ.’

‘ಬೈದದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದು ಕಿವ್ಯಾಗೇನು?’

ಹೋದೆವು. ಆ ಓಣಿಯ ಗಿಡದ ಕೆಳಗೆ, ಗಂಡ, ಅತ್ತೆ, ಅಕ್ಕಪಕ್ಕದವರ ಎದುರು ನಾನು ನಿಂತು ಹೇಳಿದೆ: ಗಂಗವ್ವ ಗುಳಿಗೆ ನುಂಗಿದ್ದಾಳೆ, ನಾನು ಕೇಳದೆ ಬೈದೆ, ತಪ್ಪು ನನ್ನದು, ಆಕೆಯ ಹೊಟ್ಟೆಯಲ್ಲಿ ಹುಳ ಇದ್ದವು. ಗಂಡ ತಲೆ ತಗ್ಗಿಸಿದ. ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ‘ಅಂದ್ರ ನಮ್ಮ ಮನ್ಯಾಗಿಂದ ಹುಳ ಬಂದ್ವು ಅಂತೀರೇನು?’ ಎಂದಳು.

ಅಕ್ಕಾರು ಹತ್ತಿರ ಹೋಗಿ, ಹೇಳದೆ ಕೇಳದೆ, ಆ ಮುದುಕಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಕೆಂಪು ಇರಬೇಕಾದ ಜಾಗ ಕಾಗದದ ಹಾಗಿತ್ತು.

‘ನಿಮಗೂ ದಮ್ಮು ಬರತೇತಲ್ಲ?’

‘ಯಾರಿಗೆ ಬರಂಗಿಲ್ರಿ? ನಾ ಬಂದಾಗಿಂದ ಹಿಂಗ ಐತಿ. ನಮ್ಮತ್ತಿಗೂ ಇತ್ತು. ಹೆಣ್ಣ ಜೀವ ಅಂದಮ್ಯಾಗ ಇರೂದ ಅಂತ ಮಾಡಿದ್ವಿ. ನಾವು ಯಾರಿಗೆ ಹೇಳಬೇಕಿತ್ತು?’

ಅಕ್ಕಾರು ಚೀಲದಿಂದ ಸೂಜಿ ತೆಗೆದರು. ಮುದುಕಿ ಕೈ ಹಿಂದೆ ತೆಗೆದಳು. ‘ನಮ್ಮ ರಕ್ತ ತಗೊಂಡ ಹೋಗೂದ ಆತು. ಮೊದಲ ನಿಮ್ಮದೊಂದು ಹನಿ ತೋರಸ್ರಿ, ಹೆಂಗೈತಿ ನೋಡೂಣು.’ ಸುತ್ತಲಿದ್ದವರು ನಕ್ಕರು.

ಅಕ್ಕಾರು ನಗುತ್ತಲೇ ತಮ್ಮ ಬೆರಳು ಚುಚ್ಚಿಕೊಂಡರು. ರಕ್ತ ಪರೀಕ್ಷೆಯ ಕೊಳವೆಯಲ್ಲಿದ್ದ ಆಸಿಡ್ಡಿನಲ್ಲಿ ಹನಿ ಬಿಟ್ಟರು, ಅದು ಕಂದಾಯಿತು. ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವ ತನಕ ಒಂದೊಂದೇ ಹನಿ ನೀರು ಹಾಕಬೇಕು. ಎಷ್ಟು ಹೆಚ್ಚು ನೀರು ಹಿಡಿದರೆ ರಕ್ತ ಅಷ್ಟು ಗಟ್ಟಿ. ಅವರು ಕೆಲವೇ ಹನಿ ಹಾಕಿ ನಿಲ್ಲಿಸಿದರು. ಕೊಳವೆಯನ್ನು ಬೆಳಕಿಗೆ ಹಿಡಿದರು. ನನ್ನ ಕಡೆ ಚಾಚಿದರು. ಎಂಟು.

ಸಾವಿರಾರು ಜನರ ಬೆರಳು ಚುಚ್ಚಿದ ಹೆಂಗಸು ತನ್ನದನ್ನು ಎಂದೂ ನೋಡಿಕೊಂಡಿರಲಿಲ್ಲ. ನಾನು, ದಿನಾ ಅವರ ಎದುರು ಕೂರುವ ಡಾಕ್ಟರು, ಅವರ ಕಣ್ಣಿನ ರೆಪ್ಪೆ ಒಮ್ಮೆಯೂ ನೋಡಿರಲಿಲ್ಲ. ಕಾಲಿನಲ್ಲಿ ಇರುವೆ ಹರಿದಂತಾಗುವುದು, ಕೂತಲ್ಲಿ ಕೂರಲಾಗದಿರುವುದು, ಇವೂ ಕಬ್ಬಿಣ ಕಡಿಮೆಯಾದರೆ ಬರಬಹುದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ.

ಆ ಹೊತ್ತು ಮುದುಕಿಯೇ ಮಾತಾಡಿದಳು. ‘ಅಯ್ಯ, ನೀವೂ ನಮ್ಮಂಗ ಅದೀರಿ’ ಎಂದು ತನ್ನ ಬೆರಳು ಚಾಚಿದಳು. ಆಕೆಯದು ಆರೂವರೆ. ಅವತ್ತು ಆ ಓಣಿಯಲ್ಲಿ ಇಪ್ಪತ್ತು ಹೆಂಗಸರ ರಕ್ತ ನೋಡಿದೆವು. ಹತ್ತು ದಾಟಿದವಳು ಒಬ್ಬಳೂ ಇರಲಿಲ್ಲ.

ವಾರದ ಮೇಲೆ ಅಕ್ಕಾರು ನನ್ನ ಕೋಣೆಗೆ ಬಂದು, ‘ನನ್ನೊಳಗೂ ಅದಾವ್ರಿ. ಹೊಲ ಹೊಲ ಬರಿಗಾಲಲೆ ಅಡ್ಡಾಡಿದ್ದಕ್ಕ ಇನಾಮು’ ಎಂದು ನಕ್ಕರು. ಗುಳಿಗೆ ನುಂಗಿದರು. ನಾಲ್ಕಾರು ತಿಂಗಳಲ್ಲಿ ಎಡಗಾಲು ಅಲ್ಲಾಡುವುದು ಬಹಳ ಮಟ್ಟಿಗೆ ನಿಂತಿತು. ಅವರು ನಿಲ್ಲಲಿಲ್ಲ.

ಗಂಗವ್ವ ಗಂಡ ಕರೆಯಲು ಬಂದ ಕೂಡಲೇ ಹೋಗಲಿಲ್ಲ. ‘ದೊಡ್ಡ ಮಗನ್ನ ಇಲ್ಲಿ ತಂದು ಬಿಡ್ರಿ. ಮೈಯಾಗ ಕಸುವು ಬಂದಮ್ಯಾಗ ನಾನ ಬರ್ತೇನಿ’ ಎಂದು ಹೇಳಿ ಕಳಿಸಿದಳು. ಆತ ಮಗನನ್ನು ತಂದು ಬಿಟ್ಟ. ಅಕ್ಕಾರು ಹದಿನೈದು ದಿನಕ್ಕೊಮ್ಮೆ ಕರ್ಜಗಿಗೆ ಹೋಗಿ ಬೆರಳು ಚುಚ್ಚಿ ಬರುತ್ತಿದ್ದರು. ಆರಾಯಿತು, ಏಳೂವರೆಯಾಯಿತು. ಒಂಬತ್ತು ದಾಟಿದಾಗ ಆಕೆ ಸ್ವತಃ ಗಂಡನ ಮನೆಗೆ ಹೋದಳು. ಮಣ್ಣು ತಿನ್ನುವುದು ತಾನಾಗಿ ಬಿಟ್ಟುಹೋಗಿತ್ತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ವರ್ಷದ ಮೇಲೆ ಗಂಗವ್ವ ಮತ್ತೆ ಬಂದಳು, ಮತ್ತೆ ಏಳಕ್ಕೆ ಇಳಿದಿತ್ತು. ಅತ್ತೆಯದೂ ಹಾಗೇ. ಅಕ್ಕಾರು ಗಾಜಿನ ಪಟ್ಟಿ ನೋಡಿ, ‘ಮತ್ತ ಬಂದಾವು’ ಎಂದರು. ಆಗ ಅವರ ಮುಖ ನೋಡಲಾಗಲಿಲ್ಲ. ಪ್ಲಾಟಿನ ಕೆಸರಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ, ಹೂತು ಕಿತ್ತುಹೋಗುತ್ತದೆ. ಬಯಲಿಗೆ ಹೋಗುವುದು ಅದೇ ಹೊಲದ ಬದುವಿಗೆ. ಹುಳದ ತತ್ತಿ ಬಿದ್ದ ಮಣ್ಣಿನಲ್ಲೇ ಮತ್ತೆ ಬರಿಗಾಲು. ‘ಗುಳಿಗಿ ಕೊಟ್ಟು ಕೊಟ್ಟು ನಾವು ಏನು ಮಾಡಾಕತ್ತೇವ್ರಿ?’ ಎಂದು ಅವತ್ತು ಮೂರು ಸಲ ಕೇಳಿದರು. ನನಗೆ ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಿತ್ತು. ಹೊರಟುಬಿಟ್ಟೆ.

ಮುಂದಿನದು ನಾನು ಕೇಳಿ ತಿಳಿದದ್ದು. ಅಕ್ಕಾರು ಆ ಓಣಿಗೆ ಸಂಡಾಸ ಕಟ್ಟಿಸುವ ಹಟಕ್ಕೆ ಬಿದ್ದರು. ಸರಕಾರದ ಯೋಜನೆ ಇತ್ತು, ಕಾಗದದ ಮೇಲೆ. ಪಂಚಾಯಿತಿಗೆ ಹೋದರು, ಮತ್ತೆ ಹೋದರು, ಸದಸ್ಯರ ಮನೆ ಬಾಗಿಲಿಗೆ ಹೋದರು. ಈ ಹೆಣ್ಣಮಗಳ ಗಾಡಿ ಸಪ್ಪಳ ಕೇಳಿದರೆ ಕಾರಕೂನ ಹಿಂದಿನ ಬಾಗಿಲಿಂದ ಹೊರಡುತ್ತಿದ್ದನಂತೆ. ಆಸ್ಪತ್ರೆ ಮುಚ್ಚಿ ಅವರ ಕೆಲಸ ಹೋದ ಮೇಲೂ ಬಿಡಲಿಲ್ಲ. ಗಂಡಸರು, ಬಯಲಿರುವಾಗ ಇದೆಲ್ಲ ಯಾಕೆ ಎಂದರು. ಅತ್ತೆಯೂ ಮೊದಲಿಗೆ, ಮನೆಯ ಹತ್ತಿರ ಅದೆಲ್ಲ ಹೊಲಸು ಎಂದಳು. ಗಂಗವ್ವ ಮಾತ್ರ ಅಕ್ಕಾರ ಜೊತೆ ಮನೆ ಮನೆ ತಿರುಗಿದಳು.

ಒಂದು ದಿನ ಹುಬ್ಬಳ್ಳಿಯ ಹಾಸ್ಟೆಲಿಗೆ ಅವರ ಫೋನು ಬಂತು. ‘ಐದು ಮುಗದಾವು, ಡಾಕ್ಟರ. ರವಿವಾರ ಬರ್ರಿ’ ಎಂದರು, ಹೇಗಿದ್ದೀರಿ ಎಂದೂ ಕೇಳಲಿಲ್ಲ.

ಹೋದೆ. ಗಂಗವ್ವನ ಮನೆಯ ಹಿತ್ತಲಲ್ಲಿ ಇನ್ನೂ ಸುಣ್ಣ ಒಣಗಿರದ ನಾಲ್ಕು ಗೋಡೆ, ತಗಡಿನ ಬಾಗಿಲು, ಹೊರಗೆ ನೀರು ತುಂಬಿದ ಕೊಡ. ಓಣಿಯ ಹೆಂಗಸರೆಲ್ಲ ಸೇರಿದ್ದರು, ಆದರೆ ಮೊದಲು ಯಾರೂ ಒಳಗೆ ಹೋಗಲು ತಯಾರಿಲ್ಲ. ನೀ ಹೋಗು, ನೀ ಹೋಗು ಎಂದು ಒಬ್ಬರನ್ನೊಬ್ಬರು ನೂಕಿ ನಗುತ್ತಿದ್ದರು. ಕಡೆಗೆ ಅತ್ತೆ ಸೆರಗು ಸೊಂಟಕ್ಕೆ ಸುತ್ತಿ, ತಂಬಿಗೆ ತುಂಬಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಐದು ನಿಮಿಷವಾಯಿತು. ಹತ್ತಾಯಿತು. ನಗು ನಿಂತಿತು. ಮುದುಕಿ, ರಕ್ತ ಕಡಿಮೆ, ಒಳಗೆ ತಲೆ ತಿರುಗಿ ಬಿದ್ದಳೋ ಏನೋ. ಅಕ್ಕಾರು ಬಾಗಿಲ ಮುಂದೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆದರು. ಗಂಗವ್ವ ಬಾಗಿಲಿಗೆ ಕಿವಿ ಹಚ್ಚಿದಳು. ಕಡೆಗೆ ಅಕ್ಕಾರಿಗೆ ತಡೆಯಲಾಗಲಿಲ್ಲ, ತಗಡನ್ನು ಬಡಿದರು.

‘ಯವ್ವಾ, ಏನಾತು? ಆರಾಮ ಅದೀರೇನು?’

ಒಳಗಿನಿಂದ ದನಿ ಬಂತು, ಸ್ವಲ್ಪ ಸಿಟ್ಟಿನದು.

‘ಸುಮ್ಮನಿರ್ರಿ, ಅಕ್ಕಾರ. ಹುಟ್ಟಿದಾಗಿಂದ ಇವತ್ತ ಮೊದಲ ಸಲ, ಯಾರರ ಬಂದಾರು ಅನ್ನೂ ಅಂಜಿಕಿ ಇಲ್ದ ಕುಂತೇನಿ. ಇನ್ನೊಂದೀಟು ಕುಂದರ್ತೇನಿ.’